ಉಸಗಾಂವದ ನಿಂಗವ್ವ ಮತ್ತು ನನ್ನ ಇಪ್ಪತ್ತು ಪ್ರಶ್ನೆಗಳು

ಹೊಸದಾಗಿ ಮನಶ್ಶಾಸ್ತ್ರ ಓದಿ ಆಸ್ಪತ್ರೆ ಕೆಲಸಕ್ಕೆ ಸೇರುವ ಹುಡುಗಿಯರು ಆಗಾಗ ನಮ್ಮ ಮನೆಗೆ ಬರುತ್ತಾರೆ. ಚಹಾ ಕುಡಿದು, ಚೂಡಾ ತಿಂದು, ಸ್ವಲ್ಪ ಹೊತ್ತು ಸಂಕೋಚಪಟ್ಟು ಕೊನೆಗೆ ಕೇಳುವುದು ಇದೊಂದನ್ನೇ: "ಮೇಡಂ, ಅಷ್ಟು ವರ್ಷ ಬರೀ ಮುದುಕರ ನಡುವೆ ಹೇಗೆ ಕಳೆದಿರಿ? ಬೇಜಾರಾಗಲಿಲ್ಲವೇ?" ಎದುರಿಗೆ ಕೂತವಳೂ ಈಗ ಮುದುಕಿಯೇ ಎಂಬುದು ಮಾತು ಬಾಯಿಂದ ಬಿದ್ದ ಮೇಲೆ ಅವರಿಗೆ ಹೊಳೆಯುತ್ತದೆ. ಆಗ ನಾನು ಅವರ ತಟ್ಟೆಗೆ ಇನ್ನೊಂದು ಮುಷ್ಟಿ ಚೂಡಾ ಹಾಕಿ ಅವರನ್ನು ಪಾರು ಮಾಡುತ್ತೇನೆ.

ಬೇಜಾರಾಗಲಿಲ್ಲ. ನಾಚಿಕೆಯಾಗುವಂಥ ಕೆಲಸಗಳನ್ನು ಮಾತ್ರ ಒಂದೆರಡು ಮಾಡಿದೆ. ಅವುಗಳಿಂದಲೇ ಕಲಿತೆ. ಆದ್ದರಿಂದ ಅವನ್ನೇ ಇಲ್ಲಿ ಬರೆಯುತ್ತೇನೆ. ಬಡ್ತಿಯ ಆದೇಶಗಳು, ಬೀಳ್ಕೊಡುಗೆಯ ಶಾಲು ಎಲ್ಲ ಕಪಾಟಿನಲ್ಲಿವೆ, ಅಲ್ಲೇ ಇರಲಿ.

ನಾನು ಗೋವಾಕ್ಕೆ ಬಂದದ್ದು ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ. ಧಾರವಾಡದಲ್ಲಿ ಎಂ.ಎ. ಮುಗಿಸಿ, ಮನೋರೋಗಿಗಳ ಪರೀಕ್ಷೆ ಮಾಡುವ ತರಬೇತಿ ಪಡೆದು ಸುಮ್ಮನೆ ಕೂತಿದ್ದೆ. ನನ್ನ ಗಂಡ ಶ್ರೀಧರನಿಗೆ ಪಣಜಿಯ ಬ್ಯಾಂಕಿಗೆ ವರ್ಗವಾಯಿತು. ನಾನೂ ಗಂಟುಮೂಟೆ ಕಟ್ಟಿದೆ. ಅಲ್ಲಿಯ ಒಂದು ಮಾನಸಿಕ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ನನಗೆ ಮೇಲಧಿಕಾರಿಯಾಗಿದ್ದವರು ಡಾಕ್ಟರ್ ಅವೆಲಿನೊ. ಕುಳ್ಳಗೆ, ದಪ್ಪಗೆ ಇದ್ದರು. ಅಂಗಿಯ ಕಿಸೆಯಲ್ಲಿ ಯಾವಾಗಲೂ ಗ್ಲೂಕೋಸ್ ಬಿಸ್ಕತ್ತು. ಕೊಂಕಣಿ, ಪೋರ್ಚುಗೀಸು, ಇಂಗ್ಲಿಷು ಮೂರನ್ನೂ ಒಂದೇ ವಾಕ್ಯದಲ್ಲಿ ಆಡುವವರು. ಮೊದಲ ದಿನವೇ, ಅಲ್ಲಿ ಹೆಂಗಸರನ್ನು ಕರೆಯುವಂತೆ ನನ್ನನ್ನು ಬಾಯ್ ಎಂದು ಕರೆದು ಹೇಳಿದರು, "ಮಕ್ಕಳನ್ನು ನೋಡುವುದಕ್ಕೆ ಎಲ್ಲರೂ ತಯಾರು. ಅರವತ್ತು ದಾಟಿದವರನ್ನು ನೋಡುವವರಿಲ್ಲ. ಬಾಯ್, ನೀನು ಅವರನ್ನು ನೋಡು." ಹೀಗೆ ನಾನು ವೃದ್ಧರ ಮನಸ್ಸಿನ ತಜ್ಞೆಯಾದೆ. ದೊಡ್ಡ ಆದರ್ಶವೇನೂ ಇರಲಿಲ್ಲ, ಉಳಿದವರು ಬೇಡ ಎಂದದ್ದು ನನ್ನ ಪಾಲಿಗೆ ಬಂತು.

ಮೊದಲ ತಿಂಗಳಲ್ಲೇ ಎಡವಿದೆ. ಒಬ್ಬ ಮುದುಕ ಬಂದ. ಅವನು ಪೋದೆರ್, ಅಂದರೆ ಬುಟ್ಟಿ ಹೊತ್ತು ಬೆಳಿಗ್ಗೆ ಮನೆಮನೆಗೆ ಪಾವು ಬ್ರೆಡ್ಡು ಹಂಚಿದವನು. ಮಗಳು ಕರೆದುಕೊಂಡು ಬಂದಿದ್ದಳು. ನಾನು ಅವನ ಮುಂದೆ ಚಿತ್ರದ ಕಾರ್ಡು ಹಿಡಿದೆ. ಗಡಿಯಾರ ತೋರಿಸಿದರೆ ಪಾವು ಎಂದ. ಹಣಿಗೆ ತೋರಿಸಿದರೆ ಮೀನಿನ ಮುಳ್ಳು ಎಂದ. ನಾನು ಖುಷಿಯಿಂದ ಅರ್ಧ ಪುಟ ಬರೆದೆ. ಪುಸ್ತಕದಲ್ಲಿ ಓದಿದ್ದ ರೋಗವೇ ಕಣ್ಣೆದುರು ಕೂತಿದೆ ಎಂಬ ಖುಷಿ, ಅದನ್ನು ಮುಚ್ಚಿಡುವುದಿಲ್ಲ. ಮಧ್ಯಾಹ್ನ ನೋಡಿದರೆ ಮಗಳು ತನ್ನ ಚೀಲದಿಂದ ಅವನ ಕನ್ನಡಕ ತೆಗೆದು ಕೊಡುತ್ತಿದ್ದಾಳೆ. ಬಸ್ಸಿನ ನೂಕುನುಗ್ಗಲಿನಲ್ಲಿ ಒಡೆದೀತೆಂದು ತಾನೇ ಇಟ್ಟುಕೊಂಡಿದ್ದಳಂತೆ. ಡಾಕ್ಟರ್ ಅವೆಲಿನೊ ಕೆಮ್ಮು ಬರುವ ತನಕ ನಕ್ಕರು. ಆಮೇಲೆ ಬೆರಳು ಮಡಚಿ ಹೇಳಿದರು, "ಮೊದಲು ಕಣ್ಣು, ಆಮೇಲೆ ಕಿವಿ, ಆಮೇಲೆ ಹಲ್ಲು, ಆಮೇಲೆ ಹೊಟ್ಟೆ. ಇಷ್ಟೂ ನೋಡಿ ಮುಗಿದ ಮೇಲೆ ಮಿದುಳಿಗೆ ಬಾ." ಹಲ್ಲು ಯಾಕೆ ಎಂದು ಕೇಳಿದೆ. ಕಟ್ಟಿದ ಹಲ್ಲನ್ನು ಮನೆಯಲ್ಲಿ ಬಿಟ್ಟು ಬಂದವರು ನಾಚಿಕೆಗೆ ಬಾಯಿಯನ್ನೇ ತೆರೆಯುವುದಿಲ್ಲ, ಮೂಕರಂತೆ ಕೂರುತ್ತಾರೆ ಎಂದರು. ಇದು ಯಾವ ಪುಸ್ತಕದಲ್ಲೂ ಇರಲಿಲ್ಲ. ಹುಡುಗಿಯರೇ, ಬರೆದುಕೊಳ್ಳಿ.

ಇಂಥ ಗುರು ಇದ್ದರೂ ನನ್ನ ಜಂಬ ಇಳಿಯಲಿಲ್ಲ. ಜಂಬಕ್ಕೆ ಕಾರಣ ಒಂದು ಹಾಳೆ. ವಯಸ್ಸಾದವರ ನೆನಪು ಅಳೆಯುವುದಕ್ಕೆ ಇಂಗ್ಲಿಷಿನ ಇಪ್ಪತ್ತು ಪ್ರಶ್ನೆಗಳ ಒಂದು ಪಟ್ಟಿ ನಮ್ಮಲ್ಲಿತ್ತು. ಇವತ್ತು ಯಾವ ವಾರ, ಯಾವ ತಿಂಗಳು, ನೀವೀಗ ಯಾವ ಊರಲ್ಲಿದ್ದೀರಿ, ನೂರರಿಂದ ಏಳೇಳು ಕಳೆಯುತ್ತ ಹೋಗಿ, ಮನೆಯವರ ಹೆಸರು, ಮಕ್ಕಳ ಹೆಸರು, ಹೀಗೆ. ಗೋವಾದಲ್ಲಿ ಆಗಲೇ ಕನ್ನಡದ ಜನ ಬಹಳ. ಗಣಿಯ ಕಡೆ ಕೂಲಿಗೆ ಬಂದವರು, ಕಾಣಕೋಣದ ಸಮುದ್ರ ದಂಡೆಯಲ್ಲಿ ಮಣಿಸರ, ಕಸೂತಿ ಚೀಲ ಮಾರುವವರು, ಲಾರಿಯವರು, ಗೌಂಡಿಗಳು. ಅವರ ಮನೆಯ ಹಿರಿಯರು ಆಸ್ಪತ್ರೆಗೆ ಬಂದರೆ ನನ್ನ ಕೋಣೆಗೇ ಕಳಿಸುತ್ತಿದ್ದರು, ಕನ್ನಡ ಬಲ್ಲವಳು ನಾನೊಬ್ಬಳೇ. ಅವರಿಗಾಗಿ ಆ ಪಟ್ಟಿಯನ್ನು ನಾನು ಕನ್ನಡಕ್ಕೆ ತಂದೆ. ರಜೆಯಲ್ಲಿ ಕೂತು ಅಚ್ಚುಕಟ್ಟಾಗಿ ಬರೆದು ಕಾರ್ಬನ್ ಪ್ರತಿ ತೆಗೆದೆ. ಪದ ಒಂದೂ ತಪ್ಪಿರಲಿಲ್ಲ. ಈಗಲೂ ಹೇಳುತ್ತೇನೆ, ಅನುವಾದ ಚೆನ್ನಾಗಿತ್ತು.

ಆ ಹಾಳೆಯ ಮುಂದೆ ಒಂದು ಗುರುವಾರ ನಿಂಗವ್ವ ಬಂದು ಕೂತಳು.

ಅರವತ್ತೈದರ ಆಸುಪಾಸು. ಇಳಕಲ್ ಸೀರೆ, ಬೋಳು ಹಣೆ. ವಿಜಾಪುರದ ಕಡೆಯ ಹಳ್ಳಿಯವಳು. ಗಂಡ ತೀರಿಕೊಂಡು ವರ್ಷ ತುಂಬಿತ್ತು. ಉಸಗಾಂವದಲ್ಲಿ ಅದಿರು ಲಾರಿ ತುಂಬುವ ಕೆಲಸ ಮಾಡುತ್ತಿದ್ದ ಹಿರಿಯ ಮಗ ಬಸಪ್ಪ ತಾಯಿಯನ್ನು ತನ್ನ ಬಾಡಿಗೆ ಕೋಣೆಗೆ ಕರೆತಂದಿದ್ದ. ಪರೀಕ್ಷೆಗೆ ಮೊದಲು ಅವನೇ ಎಲ್ಲ ಹೇಳಿದ.

"ಮೊದ್ಲ ಹಿಂಗ ಇದ್ದಿಲ್ರಿ ಬಾಯಾರ. ಈಗ ಒಲಿ ಮ್ಯಾಲ ಹಾಲಿಟ್ಟು ಹಂಗ ಕುಂದರ್ತಾಳ, ಉಕ್ಕಿ ಹೋದ್ರೂ ನೋಡೂದಿಲ್ಲ. ಜಳಕ ಮಾಡು ಅಂದ್ರ ಒಲ್ಲೆ ಅಂತಾಳ. ಎರಡ ಸಲ ಮನಿ ಬಿಟ್ಟು ಲಾರಿ ರಸ್ತಿಗೆ ಹೋಗಿ ನಿಂತಿದ್ಲು. ದಾರಿ ತಪ್ಪಿತೋ ಏನೋ. ನಾವಿಬ್ರೂ ದುಡಿಯಾಕ ಹೋಗೋರು. ಈಗ ಹೊರಗಿಂದ ಚಿಲಕ ಹಾಕಿ ಹೋಗಾಕತ್ತೇವ್ರಿ. ಏನ್ ಮಾಡೂದು ಹೇಳ್ರಿ."

ಅವನ ಊರ ಕಡೆಯವರು ಯಾರೋ ಘಟ್ಟದ ಮೇಲಿನ ಒಂದು ಆಶ್ರಮದ ವಿಷಯ ಹೇಳಿದ್ದರು. ಬುದ್ಧಿ ಕೆಟ್ಟ ಮುದುಕರನ್ನು ಅಲ್ಲಿ ಇಟ್ಟುಕೊಳ್ಳುತ್ತಾರೆ, ಆದರೆ ಆಸ್ಪತ್ರೆಯ ಚೀಟಿ ಬೇಕು. ಅವನು ಬಂದದ್ದು ಆ ಚೀಟಿಗಾಗಿ ಎಂದಲ್ಲ. ತಾಯಿಗೆ ವಾಸಿಯಾಗುತ್ತದೆಯೋ ಇಲ್ಲವೋ ಎಂದು ತಿಳಿದವರ ಬಾಯಿಂದ ಕೇಳಿಕೊಂಡು ಹೋಗಲು ಬಂದಿದ್ದ. ವಾಸಿಯಾಗುವುದಿಲ್ಲ ಎಂದರೆ ಮಾತ್ರ ಆಶ್ರಮ. ಅಂದರೆ ಆ ಹೆಂಗಸು ಉಳಿದ ಆಯುಷ್ಯವನ್ನು ಎಲ್ಲಿ ಕಳೆಯಬೇಕು ಎನ್ನುವುದು ನನ್ನ ಪೆನ್ನಿನ ತುದಿಯಲ್ಲಿತ್ತು.

ನಿಯಮದಂತೆ ಅವನನ್ನು ಹೊರಗೆ ಕಳಿಸಿದೆ. ಕಣ್ಣು, ಕಿವಿ, ಹಲ್ಲು ಎಲ್ಲ ನೋಡಿದೆ, ಅದರಲ್ಲಿ ತಪ್ಪಲಿಲ್ಲ. ಆಮೇಲೆ ಪ್ರಶ್ನೆ ಶುರು.

"ಇವತ್ತು ಯಾವ ವಾರ್ರೀ?"

"ಗೊತ್ತಿಲ್ರಿ."

"ಇದು ಯಾವ ತಿಂಗಳಾ?"

"ಯಾವುದರ ಇರವಲ್ದ್ಯಾಕ."

ನೂರರಿಂದ ಏಳು ಕಳೆಯಿರಿ ಎಂದಾಗ ನನ್ನನ್ನೇ ಮರುಕದಿಂದ ನೋಡಿದಳು. ಮುಂದಿನ ಪ್ರಶ್ನೆ, ನಿಮ್ಮ ಯಜಮಾನರ ಹೆಸರೇನು. ಆಕೆ ಸೆರಗನ್ನು ಹಣೆಯವರೆಗೆ ಎಳೆದುಕೊಂಡು ನೆಲ ನೋಡುತ್ತ ಕೂತಳು. ಎರಡು ಸಲ ಕೇಳಿದೆ. ಇಲ್ಲ. ಸೊನ್ನೆ ಹಾಕಿದೆ. ಹೊರಗೆ ಕೂತಿದ್ದಾರಲ್ಲ, ನಿಮ್ಮ ಮಗ, ಅವರ ಹೆಸರೇನು ಎಂದೆ.

"ಅಂವಾ ನಮ್ಮ ದೊಡ್ಡಾವ್ರೀ," ಎಂದಳು.

"ದೊಡ್ಡಾವ ಹೌದು, ಹೆಸರು ಹೇಳ್ರಿ."

"ದೊಡ್ಡಾವ."

ಇನ್ನೊಂದು ಸೊನ್ನೆ. ಇಪ್ಪತ್ತಕ್ಕೆ ನಾಲ್ಕು ಬಂತು. ಬಸಪ್ಪನನ್ನು ಒಳಗೆ ಕರೆದು, ಮೆತ್ತಗಿನ ದನಿಯಲ್ಲಿ, ತರಬೇತಿಯಲ್ಲಿ ಕಲಿಸಿದ ಹಾಗೆ ಹೇಳಿದೆ: "ನಿಮ್ಮವ್ವಗ ಗಂಡನ ಹೆಸರು ನೆನಪಿಲ್ಲ. ನಿಮ್ಮ ಹೆಸರೂ ಹೇಳಲಿಲ್ಲ."

ಅವನು ತಾಯಿಯ ಕಡೆ ನೋಡಿದ. "ನನ್ನ ಹೆಸರ ಹಿಡದು ಅಕಿ ಕರದಿದ್ದ ಇಲ್ರಿ," ಎಂದು ತನ್ನಷ್ಟಕ್ಕೆ ಅಂದಂತೆ ಅಂದ.

"ಎಷ್ಟು ದಿನದಿಂದ?"

"ಮೊದಲಿಂದನೂ ಇಲ್ರಿ."

ನಾನು ಪೆನ್ನು ತೆಗೆದು ಬರೆದೆ: 'ಬಹಳ ಕಾಲದಿಂದ ನಿಧಾನವಾಗಿ ಹೆಚ್ಚುತ್ತ ಬಂದ ಮರೆವಿನ ರೋಗ. ಸ್ವಂತ ಮಗನ ಹೆಸರೂ ತಿಳಿಯದು. ಗುಣವಾಗುವ ಸಂಭವವಿಲ್ಲ.' ಕೆಳಗೆ ಸಹಿ. ಓದುವವರಲ್ಲಿ ಕೆಲವರಿಗೆ ಈಗಾಗಲೇ ತಲೆ ಚಚ್ಚಿಕೊಳ್ಳುವ ಹಾಗೆ ಆಗಿರಬೇಕು. ಧಾರವಾಡದಲ್ಲಿ ಹುಟ್ಟಿ ಬೆಳೆದವಳಿಗೆ ಆ ಕ್ಷಣ ಅದು ಹೊಳೆಯಲಿಲ್ಲ ಎಂದರೆ ನಂಬುವುದು ಕಷ್ಟ, ಆದರೆ ಹೊಳೆಯಲಿಲ್ಲ. ಕೈಯಲ್ಲಿ ಅಚ್ಚುಕಟ್ಟಾದ ಹಾಳೆ ಇದ್ದವರಿಗೆ ಎದುರಿನ ಮನುಷ್ಯ ಕಾಣುವುದಿಲ್ಲ. ಬಸಪ್ಪ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಒಳಗಿಟ್ಟುಕೊಂಡ. ಹೋಗುವಾಗ ಕಣ್ಣೊರೆಸಿಕೊಳ್ಳುತ್ತ, "ಸೋಮವಾರ ಕರಕೊಂಡು ಹೋಗ್ತೇನ್ರಿ ಹಂಗಾರ. ಮಗನ್ನ ಮರತಾಕಿಗಿ ಯಾರ ಮನಿ ಆದ್ರೇನು," ಎಂದ.

ಶನಿವಾರ ಡಾಕ್ಟರ್ ಅವೆಲಿನೊ ವಾರದ ಕಾಗದಗಳನ್ನೆಲ್ಲ ಹರಡಿಕೊಂಡು ಕೂರುತ್ತಿದ್ದರು. ನಾನು ಇಂಗ್ಲಿಷಿನಲ್ಲಿ ಬರೆದಿಟ್ಟಿದ್ದ ವರದಿ ಓದುತ್ತಿದ್ದವರು ಚಹಾದಲ್ಲಿ ಅದ್ದಿದ ಬಿಸ್ಕತ್ತನ್ನು ಮರೆತುಬಿಟ್ಟರು. ಅದು ಕರಗಿ ತಳಕ್ಕೆ ಹೋಯಿತು.

"ಬಾಯ್, ಈಕೆ ತಪ್ಪು ಉತ್ತರ ಎಷ್ಟು ಕೊಟ್ಟಳು?"

"ಹದಿನಾರು ತಪ್ಪು, ಸರ್."

"ಅದಲ್ಲ. ಗುರುವಾರವನ್ನು ಬುಧವಾರ ಅಂದಳೇ? ಇಲ್ಲದ ಊರಿನ ಹೆಸರು ಹೇಳಿದಳೇ?"

"ಇಲ್ಲ. ಗೊತ್ತಿಲ್ಲ ಅಂದಳು. ಇಲ್ಲವೇ ಸುಮ್ಮನೆ ಕೂತಳು."

ಅವರು ಕನ್ನಡಕ ತೆಗೆದಿಟ್ಟರು. ಮರೆವಿನ ರೋಗ ಬಂದವರು ಅದನ್ನು ಮುಚ್ಚಿಡಲು ಹೆಣಗುತ್ತಾರೆ, ಏನೋ ಒಂದು ಉತ್ತರ ಕಟ್ಟಿ ಹೇಳುತ್ತಾರೆ, ನಗಿಸುತ್ತಾರೆ, ಮಾತು ತೇಲಿಸುತ್ತಾರೆ ಎಂದರು. ಎಲ್ಲದಕ್ಕೂ ಗೊತ್ತಿಲ್ಲ ಎಂದು ಕೈ ಚೆಲ್ಲುವವರನ್ನು ಕಂಡರೆ ಮೊದಲು ದುಃಖವನ್ನು ಹುಡುಕಬೇಕು. ದುಃಖ ಮರೆವಿನ ವೇಷ ಹಾಕಿ ಬರುತ್ತದೆ, ಮತ್ತು ದುಃಖಕ್ಕೆ ಮದ್ದಿದೆ. "ಗಂಡ ಸತ್ತು ಒಂದು ವರ್ಷ ಅಂತ ನೀನೇ ಮೇಲೆ ಬರೆದಿದ್ದೀ," ಎಂದರು. ಬೈಯಲಿಲ್ಲ. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು.

"ಚೀಟಿ ಎಲ್ಲಿದೆ?"

"ಅವನ ಕೈಯಲ್ಲಿ."

"ಹಾಗಾದರೆ ನೀನು ಇಲ್ಲಿ ಏನು ಮಾಡುತ್ತಿದ್ದೀ?"

ಭಾನುವಾರ ಬೆಳಿಗ್ಗೆ ಪಣಜಿಯಿಂದ ಫೋಂಡಾ, ಅಲ್ಲಿಂದ ಇನ್ನೊಂದು ಬಸ್ಸು. ಉಸಗಾಂವದ ರಸ್ತೆಯಲ್ಲಿ ಅದಿರಿನ ಧೂಳಿಗೆ ಮರದ ಎಲೆಗಳೂ ಕೆಂಪು, ನಾಯಿಗಳೂ ಕೆಂಪು. ಇಳಿದು ಕೇಳಿಕೊಂಡು ಹೋಗಿ, ಸಾಲು ಕೋಣೆಗಳ ಮುಂದೆ ಬಟ್ಟೆ ಒಗೆಯುತ್ತಿದ್ದ ಇಪ್ಪತ್ತೈದರ ಹೆಣ್ಣುಮಗಳನ್ನು ಮಾತಾಡಿಸಿದೆ.

"ನಾ ಆಸ್ಪತ್ರಿಯಾಕಿ. ಇದು ನಿಂಗವ್ವಾರ ಮನಿ ಏನ್ರಿ?"

"ಹೌದ್ರಿ. ನಾ ಅವರ ಸೊಸಿ, ರೇಣುಕಾ. ಬರ್ರಿ, ಕುಂದರ್ರಿ."

ಸಾಲಿನಲ್ಲಿ ಎರಡು ಮೂರು ಕುಟುಂಬಗಳು ಅದೇ ಸೀಮೆಯವು, ಖಾತ್ರಿ ಮಾಡಿಕೊಳ್ಳೋಣವೆಂದು, "ನಿಮ್ಮ ಮನಿಯವರ ಹೆಸರೇನ್ರಿ?" ಎಂದೆ.

ಆಕೆ ಸಾಬೂನಿನ ಕೈಯಲ್ಲೇ ಸೆರಗು ಬಾಯಿಗೆ ಹಿಡಿದು ನಕ್ಕಳು. "ಅಯ್ಯ, ಅದನ್ನ ಹ್ಯಾಂಗ ಹೇಳೂದ್ರಿ? ತಡೀರಿ, ರೇಶನ್ ಕಾರ್ಡ್ ತರ್ತೇನಿ, ನೀವ ಓದ್ಕೋರಿ." ಒಳಗೆ ಹೆಜ್ಜೆ ಇಟ್ಟವಳು ತಿರುಗಿ ತಮಾಷೆಯಿಂದ ಸೇರಿಸಿದಳು, "ಈ ಮನ್ಯಾಗ ಆ ಹೆಸರ ಹೇಳಾವ್ರ ಇಲ್ರಿ. ನನಗ ಗಂಡನ ಹೆಸರು, ನಮ್ಮತ್ತಿಗಿ ಅವರ ಮಾವನ ಹೆಸರು. ಮುತ್ಯಾನ ಹೆಸರ ಮಮ್ಮಗಗ ಇಟ್ಟಾರ. ಅದಕ್ಕ ಅತ್ತಿ ದೊಡ್ಡಾವ ಅಂತಾರ, ನಾ ಏನೂ ಅನ್ನೂದಿಲ್ಲ."

ನಾನು ಅಲ್ಲೇ ಕಟ್ಟೆಯ ಮೇಲೆ ಕೂತೆ. ನನ್ನ ತಾಯಿ ಐವತ್ತು ವರ್ಷ ಸಂಸಾರ ಮಾಡಿ ಅಪ್ಪನ ಹೆಸರನ್ನು ಒಮ್ಮೆಯೂ ಉಚ್ಚರಿಸದವಳು. ಶ್ರೀಧರ, ಶ್ರೀಧರ ಎಂದು ನಾನು ಗಂಡನನ್ನು ಕೂಗುವಾಗಲೆಲ್ಲ ನನ್ನ ಅತ್ತೆ ಕಿವಿಯ ಮೇಲೆ ಸೆರಗು ಎಳೆದುಕೊಳ್ಳುತ್ತಿದ್ದರು, ನಾನು ನಗುತ್ತಿದ್ದೆ. ಎಲ್ಲ ಗೊತ್ತಿತ್ತು. ಗೊತ್ತಿದ್ದನ್ನೇ ಆಸ್ಪತ್ರೆಯ ಬಾಗಿಲ ಹೊರಗೆ ಚಪ್ಪಲಿಯ ಹಾಗೆ ಬಿಟ್ಟು ಒಳಗೆ ಹೋಗಿದ್ದೆ.

"ಅತ್ತಿಗಿ ಮರವು ಬಂದೈತಿ ಅಂತ ನೀವು ಬರದೀರಂತ," ಎಂದಳು ರೇಣುಕಾ. ದನಿಯಲ್ಲಿ ಈಗ ನಗುವಿರಲಿಲ್ಲ. "ಮರವು ಇದ್ದಾಕಿ, ಪಲ್ಲೆಕ್ಕ ನಾ ಎರಡ ಸಲ ಉಪ್ಪು ಹಾಕಿದ್ದನ್ನ ಹ್ಯಾಂಗ ಹಿಡೀತಾಳ್ರಿ? ನಾ ಹೇಳಿದ್ರ ಇವರು ಕೇಳವಲ್ರು. ಬಾಯಾರ ಸಹಿ ಮಾಡ್ಯಾರ ಅಂತಾರ. ನಾಳಿಗೆ ಹೊಂಟಾರ."

ಊರಿನವರೆಲ್ಲ ಸೊಸೆ ಅತ್ತೆಯನ್ನು ಕೂಡಿಹಾಕಿದ್ದಾಳೆ ಎಂದು ಆಡಿಕೊಳ್ಳುತ್ತಿದ್ದರು. ಅತ್ತೆಯ ಪರವಾಗಿ ಮಾತಾಡಿದವಳು ಅವಳೊಬ್ಬಳೇ. ಗುರುವಾರ ಅವಳನ್ನು ಕರೆಸಿ ಐದು ನಿಮಿಷ ಕೇಳಿದ್ದರೆ ಸಾಕಿತ್ತು. ನಾನು ಕೇಳಲಿಲ್ಲ.

ನಿಂಗವ್ವ ಕೋಣೆಯ ಹಿಂಬದಿಯ ಮೆಟ್ಟಿಲ ಮೇಲೆ ಕೂತಿದ್ದಳು. ಪಕ್ಕದಲ್ಲಿ ಹೋಗಿ ಕೂತೆ. ಹಾಳೆ ಚೀಲದಲ್ಲೇ ಉಳಿಯಿತು. ಬಳಿಕ ನಮ್ಮ ಕಡೆ ಹೆಣ್ಣುಮಕ್ಕಳಿಗೆ ಗಂಡನ ಹೆಸರು ಹೇಳಲು ಇರುವ ಒಂದೇ ದಾರಿ ನೆನಪಾಯಿತು. ಮದುವೆ, ಸೀಮಂತಗಳಲ್ಲಿ ಎಲ್ಲರೂ ಕಾಡಿ ಬೇಡಿ, ಪ್ರಾಸದ ಎರಡು ಸಾಲಿನೊಳಗೆ ಆ ಹೆಸರು ಹೇಳಿಸುತ್ತಾರೆ, ಅದಕ್ಕೆ ಒಡಪು ಎನ್ನುತ್ತಾರೆ. ಗಂಡ ಹೋದವಳನ್ನು ಮಾತ್ರ ಯಾರೂ ಕೇಳುವುದಿಲ್ಲ.

"ಯವ್ವಾ," ಎಂದೆ, "ನಿಮ್ಮವರ ಒಡಪ ಹೇಳ್ರಿ. ನಾ ಕೇಳ್ತೇನಿ."

ಆಕೆ ನನ್ನತ್ತ ತಿರುಗಿದಳು. ಆಸ್ಪತ್ರೆಯಲ್ಲಿ ಕಳೆದ ಒಂದು ಗಂಟೆಯಲ್ಲಿ ನಾನು ಕಾಣದಿದ್ದ ಕಣ್ಣು ಅದು.

"ಅವರು ಹ್ವಾದ ಮ್ಯಾಲ ಅವರ ಹೆಸರ ಕೇಳಿದಾಕಿ ನೀವೊಬ್ಬಾಕಿನರೀ," ಎಂದಳು. "ಅವತ್ತ ಕೇಳಿದ್ರಲ್ಲ, ಎದಿ ತುಂಬಿ ಬಂತು. ಅದಕ್ಕ ಬಾಯಿ ಬರಲಿಲ್ಲ." ಅಷ್ಟು ಹೇಳಿ ಬಾಗಿಲ ಕಡೆ ನೋಡಿ, ಯಾರೂ ಇಲ್ಲವೆಂದು ಖಾತ್ರಿಯಾದ ಮೇಲೆ, ಹಾಡೂ ಅಲ್ಲದ ಮಾತೂ ಅಲ್ಲದ ದನಿಯಲ್ಲಿ ಹೇಳಿದಳು:

"ಸಜ್ಜಿರೊಟ್ಟಿ ತಟ್ಟೇನಿ, ಬದನಿಕಾಯಿ ಪಲ್ಲೆ,
ಮಲ್ಲಪ್ಪ ಕರದ್ರ ಬರತೇನಿ, ಮಂದಿ ಕರದ್ರ ಒಲ್ಲೆ."

ಹೊಸ ಮದುವಣಗಿತ್ತಿ ಹೇಳಿದರೆ ಮನೆಯೆಲ್ಲ ಕೇಕೆ ಹಾಕಿ ನಗುವ ಒಡಪು. ಆದರೆ ಕರೆಯಬೇಕಾದ ಮಲ್ಲಪ್ಪ ಈಗ ಮಣ್ಣಿನಲ್ಲಿದ್ದ. ಮುಚ್ಚುಮರೆ ಇಲ್ಲದೆ ಕೇಳಿಬಿಟ್ಟೆ, "ಲಾರಿ ರಸ್ತಿಗೆ ಯಾಕ ಹೋಗಿದ್ರಿ? ದಾರಿ ತಪ್ಪಿತ್ತೇನು?"

"ದಾರಿ ಎಲ್ಲಿ ತಪ್ಪತೈತ್ರಿ, ಒಂದ ರಸ್ತಿ ಐತಿ," ಎಂದಳು. "ಕರೀತಾರೇನೋ ಅಂತ ಹೋಗಿ ನಿಂತಿದ್ದೆ."

ಅಷ್ಟು ಹೇಳಿದ್ದೇ ಆಕೆಯ ಅಳು ಒಡೆಯಿತು. ರೇಣುಕಾ ಓಡಿ ಬಂದಳು. ನಿಂಗವ್ವ ಗಂಡನ ಮಣ್ಣಿನ ದಿನವೂ ಅತ್ತಿರಲಿಲ್ಲವಂತೆ. ಸೊಸೆಯ ಒದ್ದೆ ಸೀರೆಗೆ ಮುಖ ಒತ್ತಿಕೊಂಡು ಆಕೆ ಅತ್ತಳು, ಇಬ್ಬರ ಪಕ್ಕದಲ್ಲಿ ಕೂತು ನಾನೂ ಅತ್ತೆ. ರೋಗಿಯ ಮುಂದೆ ಅಳಬಾರದು ಎಂದು ಕಲಿಸುತ್ತಾರೆ. ಒಳ್ಳೆಯ ನಿಯಮ. ಅವತ್ತು ಮುರಿದೆ.

ಬಸಪ್ಪ ಪೇಟೆಯಿಂದ ಬಂದಾಗ ಅವನ ಕೈಯಲ್ಲಿ ತಾಯಿಗಾಗಿ ಕೊಂಡ ಹೊಸ ಕಂಬಳಿ ಇತ್ತು. ಅವನೆದುರು ನಿಂತು, "ನಾ ಬರದದ್ದು ತಪ್ಪು. ಚೀಟಿ ವಾಪಸ್ ಕೊಡ್ರಿ," ಎಂದೆ. ಅವ್ವನಿಗೆ ಇರುವುದು ದುಃಖದ ರೋಗ, ಮಾತ್ರೆಗೆ ಬಗ್ಗುತ್ತದೆ, ಆದರೆ ಕೆಲ ವಾರ ಆಕೆಯನ್ನು ಒಂದು ಗಳಿಗೆಯೂ ಒಬ್ಬಳನ್ನೇ ಬಿಡಬಾರದು, ಚಿಲಕವನ್ನಂತೂ ಹಾಕಲೇಬಾರದು ಎಂದೆ. ಹೆಸರು ಯಾಕೆ ಹೇಳಲಿಲ್ಲ ಎಂಬುದನ್ನೂ ಹೇಳಿದೆ. ಅವನು ಬಹಳ ಹೊತ್ತು ಹೆಂಡತಿಯ ಮುಖ ನೋಡಿದ, ತಾಯಿಯ ಮುಖ ನೋಡಿದ. "ನನಗೂ ಹೊಳೀಲಿಲ್ಲ ನೋಡ್ರಿ," ಎಂದ. "ಶಾಣ್ಯಾರು ಹೇಳಿದ್ರು ಅಂತ ನಾನೂ ನಂಬಿಬಿಟ್ನಿ." ಒಂದು ಮಾತು ಕಟುವಾಗಿ ಆಡಿದ್ದರೂ ನನಗೆ ಸಲ್ಲುತ್ತಿತ್ತು. ಅವನು ಆಡಲಿಲ್ಲ. ರೇಣುಕಾ ರೊಟ್ಟಿ ಬಡಿದಳು. ಉಣ್ಣದೆ ಹೋಗಬಾರದೆಂದು ನಿಂಗವ್ವ ಒತ್ತಾಯ ಮಾಡಿದಳು. ನಾನು ಉಂಡು ಬಂದೆ. ಆ ಊಟದ ಋಣ ದೊಡ್ಡದು.

ಸೋಮವಾರ ಡಾಕ್ಟರ್ ಅವೆಲಿನೊ ಎದುರು ನಾನು ಆ ಚೀಟಿಯನ್ನು ಹರಿಯಲು ಹೋದೆ. ಅವರು ಕೈ ಹಿಡಿದರು. "ಹರಿಯಬೇಡ. ಕೆಳಗೆ ತಪ್ಪು ಅಂತ ನಿನ್ನ ಕೈಯಲ್ಲೇ ಬರೆದು, ಯಾಕೆ ತಪ್ಪು ಅಂತಲೂ ಬರೆದು, ಎರಡನ್ನೂ ಫೈಲಿನಲ್ಲಿ ಇಡು. ನಾಳೆ ಬರುವವರು ಓದಲಿ." ಓದಿದರು ಕೂಡ. ಎಷ್ಟೋ ವರ್ಷಗಳವರೆಗೆ ತರಬೇತಿಗೆ ಬಂದ ಹುಡುಗ ಹುಡುಗಿಯರಿಗೆಲ್ಲ ಮೊದಲ ವಾರ ಆ ಕಾಗದವನ್ನೇ ಓದಲು ಕೊಡುತ್ತಿದ್ದರು, ನನ್ನ ಎದುರಿಗೇ. ಮೊದಮೊದಲು ಕಿವಿ ಕೆಂಪಾಗುತ್ತಿತ್ತು. ಆಮೇಲಾಮೇಲೆ ನಾನೇ ಓದಿ ಹೇಳತೊಡಗಿದೆ. ಈ ಜನ್ಮದಲ್ಲಿ ನನಗೆ ಸಿಕ್ಕ ಮೇಲಧಿಕಾರಿಗಳಲ್ಲಿ ಅಂಥವರು ಇನ್ನೊಬ್ಬರಿಲ್ಲ. ಅವರ ಮಣ್ಣಿಗೆ ನಾನು ಹೋಗಲಾಗಲಿಲ್ಲ ಎಂಬ ಕೊರಗು ಇಂದಿಗೂ ಇದೆ.

ಆಮೇಲೆ ಕೆಲಸದ ರೀತಿಯೇ ಬದಲಾಯಿತು. ಇಪ್ಪತ್ತು ಪ್ರಶ್ನೆಗಳಲ್ಲಿ ಹನ್ನೆರಡನ್ನು ಹೊಡೆದು ಹಾಕಿದೆವು. ತಿಂಗಳಿಗೊಮ್ಮೆ ಬಸ್ಸು ಹತ್ತಿ ಕಾಣಕೋಣಕ್ಕೆ ಹೋಗಿ, ಅಲ್ಲಿಯ ಶಾಲೆಯ ಜಗುಲಿಯಲ್ಲಿ ಕೂರುತ್ತಿದ್ದೆ. ರೈತ ಮುದುಕನಿಗೆ ವಾರ ಕೇಳುತ್ತಿರಲಿಲ್ಲ, ಯಾವ ಮಳೆ ನಡೆದಿದೆ, ಮುಂದೆ ಯಾವುದು ಎಂದು ಕೇಳುತ್ತಿದ್ದೆ. ಮೀನು ಮಾರಿದವಳಿಗೆ ಭರತ ಇಳಿತದ ಹೊತ್ತು. ಕಸೂತಿ ಹಾಕುವವಳ ಕೈಗೆ ಸೂಜಿ ದಾರವನ್ನೇ ಕೊಟ್ಟು ಅರ್ಧ ಹೆಣೆದ ಗೋಪುರವನ್ನು ಮುಗಿಸಿ ತೋರಿಸಲು ಹೇಳುತ್ತಿದ್ದೆ. ಮೇಲಿನ ಕಚೇರಿಯವರು, ಇದು ಯಾವ ಪರೀಕ್ಷೆ, ಅಂಕ ಹೇಗೆ ಹಾಕುವುದು ಎಂದು ತಕರಾರು ತೆಗೆದರು. ತೆಗೆಯುವುದು ಅವರ ಕೆಲಸ. ಹೋದಲ್ಲೆಲ್ಲ ಮೊದಲು ಸೊಸೆಯನ್ನು ಮಾತಾಡಿಸುತ್ತಿದ್ದೆ. ಮನೆಯ ಮುದುಕರ ವಿಷಯದಲ್ಲಿ ಸೊಸೆಗೆ ತಿಳಿದಷ್ಟು ಯಾವ ತಜ್ಞರಿಗೂ ತಿಳಿದಿರುವುದಿಲ್ಲ.

ನಿಂಗವ್ವ ಆರು ತಿಂಗಳಲ್ಲಿ ಚೇತರಿಸಿಕೊಂಡಳು. ಗುರುವಾರಗಳಂದು ಸೊಸೆಯ ಜೊತೆ ಬಂದು ಬೆಂಚಿನ ಮೇಲೆ ಕೂತು, ಉಳಿದ ಮುದುಕಿಯರಿಗೆ ಬುದ್ಧಿ ಹೇಳುತ್ತಿದ್ದಳು. "ಬಾಯಾರ ಏನ ಕೇಳಿದ್ರೂ ಹೇಳ್ರಿ, ಇಲ್ಲಾಂದ್ರ ಹುಚ್ಚಿ ಅಂತ ಬರೀತಾರ," ಎಂದು ನನಗೆ ಕೇಳುವ ಹಾಗೆಯೇ ಅನ್ನುತ್ತಿದ್ದಳು. ಮಾತ್ರೆ ನಿಂತ ಮೇಲೂ ವರ್ಷಕ್ಕೆ ಒಂದೆರಡು ಸಲ ರೊಟ್ಟಿಯ ಗಂಟು ಬರುತ್ತಿತ್ತು.

ತೊಂಬತ್ತರ ದಶಕದ ನಡುವೆ ಒಂದು ಬೆಳಿಗ್ಗೆ ಬಸಪ್ಪ ಒಬ್ಬನೇ ಬಂದ. ಕೂದಲು ಅರ್ಧ ಬೆಳ್ಳಗಾಗಿತ್ತು. ಬೆಂಚಿನ ತುದಿಯಲ್ಲಿ ಕೂತವನ ಮುಖ ಹಬ್ಬದ ದಿನದ ಹಾಗಿತ್ತು.

"ಬಾಯಾರ, ನಿನ್ನೆ ಸಂಜಿಮುಂದ ಅವ್ವ ನನ್ನ ಹೆಸರ ಹಿಡದು ಕರದ್ಲು. ಬಸಪ್ಪಾ, ಉಣ್ಣಾಕ ಬಾ ಅಂದ್ಲು. ನನ್ನ ಜೀವಮಾನದಾಗ ಮೊದಲನೇ ಸಲರೀ."

ನನ್ನ ಕೈಯಲ್ಲಿದ್ದ ಪೆನ್ನು ನಿಂತಿತು. ಮದುವೆಯಾಗಿ ಬಂದ ದಿನದಿಂದ ಮಾವನ ಹೆಸರನ್ನು ತುಟಿಯ ಮೇಲೆ ತರದಿದ್ದವಳು ಅವಳು. ಮೆಲ್ಲನೆ ಉಳಿದದ್ದು ಕೇಳಿದೆ. ಉಂಡ ಮೇಲೆ ಉಂಡಿಲ್ಲ ಎನ್ನುತ್ತಾಳಂತೆ. ರೇಣುಕಾಳನ್ನು ಅಕ್ಕಾ ಎನ್ನುತ್ತಾಳಂತೆ. ಆ ಬಾಡಿಗೆ ಕೋಣೆಯಲ್ಲಿ ಕೊಡ ಹಿಡಿದು ತವರಿನ ಬಾವಿ ಹುಡುಕುತ್ತಾಳಂತೆ. ಕೇಳಿದ್ದಕ್ಕೆಲ್ಲ ಏನೋ ಒಂದು ಉತ್ತರ ಕಟ್ಟಿ ಹೇಳಿ ನಗುತ್ತಾಳಂತೆ. ಇನ್ನು ಸಂಶಯ ಇರಲಿಲ್ಲ. ಹತ್ತು ವರ್ಷದ ಹಿಂದೆ ಸುಳ್ಳಾಗಿ ಆಡಿದ ಮಾತನ್ನು ಅದೇ ಮನುಷ್ಯನಿಗೆ ಈಗ ಖರೆಯಾಗಿ ಆಡಬೇಕಾಗಿತ್ತು.

"ಗೊತ್ತೈತ್ರಿ ಬಾಯಾರ," ಎಂದು ಅವನೇ ಅಂದ. "ರೇಣುಕಾ ಅಂದ್ಲು. ಅತ್ತಿ ಆ ಹೆಸರ ಹೇಳಿದ್ರಂದ್ರ ಈ ಸಲ ಖರೇನ ಮರವು ಬಂದೈತಿ ಅಂದ್ಲು."

"ಬಸಪ್ಪ, ಮುಂದ ಭಾಳ ಕಷ್ಟ ಐತಿ. ನೀವಿಬ್ರೂ ದುಡಿಯೋರು. ಚೀಟಿ ಏನರ ಬೇಕಂದ್ರ..."

"ಚೀಟಿ ಬ್ಯಾಡ್ರಿ. ಎಲ್ಲಾ ಮರತು ನನ್ನ ಹೆಸರೊಂದು ಇಟ್ಕೊಂ‌ಡಾಳ, ಅಂಥಾಕಿನ್ನ ಎಲ್ಲಿಗಿ ಕಳಸಲಿ? ಹ್ಯಾಂಗ ನೋಡ್ಕೋಬೇಕು, ಅಷ್ಟ ಹೇಳ್ರಿ."

ನಾನು ಮೇಜಿನ ಆ ಕಡೆಯಿಂದ ಎದ್ದು ಬಂದು ಬೆಂಚಿನ ಮೇಲೆ ಅವನ ಪಕ್ಕದಲ್ಲಿ ಕೂತು, ಮೊದಲಿನಿಂದ ಒಂದೊಂದಾಗಿ ಹೇಳತೊಡಗಿದೆ.